ಇಂದಿನ ಧಮ್ಮ ಚಿಂತನೆ: ಗೊತ್ತಿದ್ದೂ ಸುಮ್ಮನಿರುವುದು



ನಾಲ್ಕನೇ ಶೀಲದ ಬಗ್ಗೆ ನಿನ್ನೆ ಬರೆದದ್ದಕ್ಕೆ ಗುಂಪಿನಲ್ಲಿ ಒಂದು ಪ್ರಶ್ನೆ ಬಂದಿದೆ. ಬಾಯಿಬಿಟ್ಟು ಸುಳ್ಳು ಹೇಳಿದರೆ ಶೀಲ ಮುರಿಯುತ್ತದೆ, ಸರಿ. ಆದರೆ ಗೊತ್ತಿದ್ದ ಮಾತನ್ನು ಹೇಳದೆ ಸುಮ್ಮನಿದ್ದರೆ ಅದೂ ಸುಳ್ಳೇನು? ಒಂದು ಸಾಲಿನಲ್ಲಿ ಹೌದು ಅಂತ ಬರೆದುಬಿಡಬಹುದಿತ್ತು. ಆದರೆ ಈಚೆಗೆ ಎಲೆಕ್ಟ್ರಿಕ್ ಕಾರುಗಳನ್ನು ಕಂಪನಿಗಳು ವಾಪಸ್ ಕರೆಸುತ್ತಿರುವ ಸುದ್ದಿ ಓದುತ್ತಿದ್ದೇನೆ. ಅದನ್ನೇ ಹಿಡಿದು ಉತ್ತರ ಹೇಳುತ್ತೇನೆ. ಶೀಲಕ್ಕೂ ಕಾರಿಗೂ ಏನ್ರಿ ಸಂಬಂಧ ಅನ್ನಬೇಡಿ, ಸ್ವಲ್ಪ ತಾಳ್ಮೆಯಿಂದ ಓದಿ.

ನಾನು ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಬಹಳ ವರ್ಷ ಎಲೆಕ್ಟ್ರಿಷಿಯನ್ ಕೆಲಸ ಮಾಡಿದವನು. ಹಾಗಾಗಿ ಮೊದಲು ಯಂತ್ರದ ಮಾತು. ಎಲೆಕ್ಟ್ರಿಕ್ ಕಾರಿನಲ್ಲಿ ಒಂದಲ್ಲ, ಎರಡು ಬ್ಯಾಟರಿ ಇರುತ್ತವೆ. ನೆಲದ ಕೆಳಗೆ ಮಲಗಿರುವ ದೊಡ್ಡ ಬ್ಯಾಟರಿ ಗಾಡಿ ಓಡಿಸುತ್ತದೆ. ಇನ್ನೊಂದು ನಮ್ಮ ಹಳೆಯ ಜೀಪಿನಲ್ಲಿ ಇರುತ್ತಿದ್ದಂಥದ್ದೇ, 12 ವೋಲ್ಟಿನದು. ದೀಪ, ಪರದೆ, ಕಂಪ್ಯೂಟರು, ಬಾಗಿಲಿನ ಬೀಗ ಎಲ್ಲ ಈ ಚಿಕ್ಕದರ ಮೇಲೆ. ಚಿಕ್ಕದನ್ನು ಚಾರ್ಜ್ ಮಾಡುವುದು ದೊಡ್ಡದು. ನಡುವೆ ಒಂದು ಯಂತ್ರಭಾಗ ಕೂತು ವೋಲ್ಟೇಜ್ ಇಳಿಸಿ ಕೊಡುತ್ತದೆ. ಆ ಭಾಗ ಕೈಕೊಟ್ಟರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಚಿಕ್ಕದು ಸೋರಿ ಖಾಲಿಯಾಗುತ್ತದೆ. ಮನೆಯಲ್ಲಿ ಹಗೇವು ತುಂಬ ಜೋಳ ಇದ್ದು, ಒಲೆ ಹಚ್ಚುವ ಕಡ್ಡಿಪೆಟ್ಟಿಗೆ ಇಲ್ಲದ ಸ್ಥಿತಿ.

2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿ ತನ್ನ ಮಸ್ಟಾಂಗ್ ಮಾಕ್-ಇ ಎಂಬ ಎಲೆಕ್ಟ್ರಿಕ್ ಕಾರುಗಳನ್ನು ರೀಕಾಲ್ ಮಾಡಿತು. ಸುಮಾರು 1,97,000 ಕಾರುಗಳು. ಕಾರಣ ಕೇಳಿ. 12 ವೋಲ್ಟ್ ಬ್ಯಾಟರಿ ಇಳಿದಿದ್ದಾಗ ಚಾಲಕ ಕೆಳಗಿಳಿದು ಬಾಗಿಲು ಹಾಕಿದರೆ, ವಿದ್ಯುತ್ತಿನ ಬೀಗಗಳು ಹಾಕಿದ್ದು ಹಾಕಿದ ಹಾಗೇ ಉಳಿದುಬಿಡಬಹುದು. ಹಿಂದಿನ ಸೀಟಿನಲ್ಲಿ ಮಗು ಇದ್ದರೆ? ಒಳಗಿನಿಂದ ತೆರೆಯುವ ಶಕ್ತಿ, ತಿಳಿವಳಿಕೆ ಎರಡೂ ಇಲ್ಲದ ಕೂಸು ಇದ್ದರೆ? ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಟೆಸ್ಲಾ ಮಾಡೆಲ್ ವೈ ಕಾರಿನ ಬಾಗಿಲ ಹಿಡಿಕೆಗಳ ಬಗ್ಗೆ ತನಿಖೆ ಆರಂಭಿಸಿತು. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ಹೊರಗಿನಿಂದ ತೆರೆಯಲಾಗದೆ, ಕೊನೆಗೆ ಗಾಜು ಒಡೆದ ತಂದೆತಾಯಿಗಳು ದೂರು ಕೊಟ್ಟಿದ್ದರು.

ಫೋರ್ಡಿನ ಆ ಕಾರು ನಮ್ಮ ದೇಶದಲ್ಲಿ ಮಾರಾಟಕ್ಕೇ ಬಂದಿಲ್ಲ. ಹಾಗಂತ ನಮಗೆ ಸಂಬಂಧವಿಲ್ಲ ಅನ್ನುವಂತಿಲ್ಲ. 2024ರ ಜೂನ್‌ನಲ್ಲಿ ಭಾರತದಲ್ಲಿ ಹ್ಯುಂಡೈ 1,744 ಅಯಾನಿಕ್ 5 ಕಾರುಗಳನ್ನು ಕರೆಸಿತು. ನಾನು ಮೇಲೆ ಹೇಳಿದ ಆ ಚಾರ್ಜಿಂಗ್ ಭಾಗದ ದೋಷವೇ ಕಾರಣ. ಚಿಕ್ಕ ಬ್ಯಾಟರಿ ಖಾಲಿಯಾಗಬಹುದು ಎಂಬ ಭಯ. ಮರು ತಿಂಗಳು ಕಿಯಾ 1,138 ಇವಿ6 ಕಾರುಗಳನ್ನು, 2025ರ ಫೆಬ್ರವರಿಯಲ್ಲಿ ಇನ್ನೂ 1,380 ಕಾರುಗಳನ್ನು ಅದೇ ಭಾಗಕ್ಕಾಗಿ ಕರೆಸಿತು. ಸ್ಕೂಟರಿನ ಕಥೆ ನಿಮಗೆ ನೆನಪಿರಬಹುದು. 2022ರ ಮಾರ್ಚ್‌ನಲ್ಲಿ ಪುಣೆಯ ರಸ್ತೆ ಬದಿ ಒಂದು ಸ್ಕೂಟರ್ ಹೊತ್ತಿ ಉರಿದ ಮೇಲೆ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 1,441 ಸ್ಕೂಟರ್‌ಗಳನ್ನು ವಾಪಸ್ ಕರೆಸಿತ್ತು.

ಇಂಥ ಸುದ್ದಿ ಬಂದ ಕೂಡಲೇ ನಮ್ಮ ಗುಂಪುಗಳಲ್ಲಿ ನಗುವವರೇ ಹೆಚ್ಚು. ನೋಡ್ರಿ, ಇಷ್ಟು ಲಕ್ಷ ಕೊಟ್ಟು ತಗೊಂಡ ಗಾಡಿ ಡಬ್ಬಾ ಅಂತ ಕಂಪನಿಯೇ ಒಪ್ಪಿಕೊಂಡಿದೆ ಅಂತ ಹಾಸ್ಯ ಮಾಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಒಪ್ಪಿಕೊಂಡವರನ್ನು ನೋಡಿ ನಗುವುದಲ್ಲ. ಗೊತ್ತಿದ್ದೂ ಬಾಯಿ ಬಿಡದವರು ಯಾರು ಅಂತ ಹುಡುಕಬೇಕು.

ಈಗ ವಿನಯಕ್ಕೆ ಬರೋಣ. ಉಪೋಸಥದ ದಿನ ಭಿಕ್ಖುಗಳು ಸೇರಿ ಪಾತಿಮೋಕ್ಖ ಪಠಿಸುತ್ತಾರೆ. ಒಂದೊಂದು ಭಾಗ ಮುಗಿದಾಗಲೂ ಕೇಳುತ್ತಾರೆ: ಈ ವಿಷಯದಲ್ಲಿ ನೀವು ಶುದ್ಧರೇ? ಒಮ್ಮೆಯಲ್ಲ, ಮೂರು ಸಲ. ದೋಷ ಇಲ್ಲದವರು ಸುಮ್ಮನಿರಬಹುದು. ದೋಷ ನೆನಪಿದ್ದೂ ಮೂರನೆಯ ಸಲದವರೆಗೆ ಹೇಳದೆ ಕೂತವನಿಗೆ ಅದು ತಿಳಿದು ಆಡಿದ ಸುಳ್ಳು, ಸಂಪಜಾನ ಮುಸಾವಾದ. ಬಾಯಿಯೇ ತೆರೆದಿಲ್ಲ, ಆದರೂ ಸುಳ್ಳು! ನಿನ್ನೆಯ ಪ್ರಶ್ನೆಗೆ ಉತ್ತರ ಇದೇ. ಹೇಳಿಕೊಂಡವನಿಗೆ ಮಾತ್ರ ಮನಸ್ಸು ಹಗುರ, ದಾರಿ ಸಲೀಸು. ವರ್ಷಾವಾಸದ ಕೊನೆಗೆ ಪವಾರಣೆ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಭಿಕ್ಖು ತಾನಾಗಿಯೇ ಸಂಘವನ್ನು ಕೇಳಿಕೊಳ್ಳುತ್ತಾನೆ: ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೂ ಸಾಕು, ಹೇಳಿ. ಅನುಮಾನ ಬಂದರೂ ಹೇಳಿ ಅನ್ನುವ ಕಂಪನಿ ಎಷ್ಟಿವೆ? ಕಂಪನಿ ಬಿಡಿ, ಮನೆ ಎಷ್ಟಿವೆ?

ನಮ್ಮ ದೇಶದ ಕಾನೂನಿನಲ್ಲೂ ಇಂಥದ್ದೇ ಒಂದು ಮಾತಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಸೆಕ್ಷನ್ ಪ್ರಕಾರ ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಕೇಂದ್ರ ಸರ್ಕಾರ ತಯಾರಕರಿಗೆ ಆದೇಶ ಕೊಡಬಹುದು, ದಂಡವನ್ನೂ ಹಾಕಬಹುದು. ಆದರೆ ತಯಾರಕನೇ ದೋಷ ಗಮನಿಸಿ, ಸರ್ಕಾರಕ್ಕೆ ತಿಳಿಸಿ, ತಾನೇ ರೀಕಾಲ್ ಶುರು ಮಾಡಿದರೆ ಆ ದಂಡ ಇಲ್ಲ. ಕಾನೂನು ಬರೆದವರು ವಿನಯಪಿಟಕ ಓದಿದ್ದರೋ ಇಲ್ಲವೋ. ತಾನಾಗಿ ಹೇಳಿಕೊಂಡವನನ್ನೂ ಸಿಕ್ಕಿಬಿದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ವಿವೇಕ ಮಾತ್ರ ಎರಡರಲ್ಲೂ ಒಂದೇ.

ಇಷ್ಟು ಕಂಪನಿಗಳ ಮಾತಾಯಿತು. ಈಗ ನಮ್ಮ ಓಣಿಯ ಮಾತು.

ನಮ್ಮವರೊಬ್ಬರು ಹೋದ ವರ್ಷ ಎಲೆಕ್ಟ್ರಿಕ್ ಕಾರು ತಗೊಂಡರು. ಅವರ ಮನೆತನದಲ್ಲಿ ಮೊದಲ ಕಾರು. ಅವರ ತಾತ ಗೌಡರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಕಾರು ಬಂದ ದಿನ ಬಾಬಾಸಾಹೇಬರ ಫೋಟೊ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಇಡೀ ಓಣಿಗೆ ಪೇಡೆ ಹಂಚಿದ್ದರು. ಕೆಲವು ವಾರಗಳ ಹಿಂದೆ ಕಂಪನಿಯಿಂದ ಮೆಸೇಜ್ ಬಂತು: ಚಿಕ್ಕ ಬ್ಯಾಟರಿಯ ಚಾರ್ಜಿಂಗ್ ಭಾಗ ಪರೀಕ್ಷಿಸಬೇಕು, ಗಾಡಿ ತನ್ನಿ, ಖರ್ಚಿಲ್ಲ. ಇವರು ಹೋಗಲಿಲ್ಲ. ಸರ್ವಿಸ್ ಸೆಂಟರ್ ಹೈದರಾಬಾದಿನಲ್ಲಿ, ಒಂದು ದಿನದ ದುಡಿಮೆ ಹೋಗುತ್ತದೆ ಎಂಬುದು ಒಂದು ಕಾರಣ, ಅದು ಖರೇನೇ. ಆದರೆ ನಾನು ಎರಡು ಮೂರು ಸಲ ಕೇಳಿದ ಮೇಲೆ ಇನ್ನೊಂದು ಮಾತು ಹೊರಬಂತು. ಗಾಡಿ ರಿಪೇರಿಗೆ ಹೋಯಿತು ಅಂದರೆ ಮಂದಿ ಏನಂತಾರ? ಇವರಿಗೇಕೆ ಬೇಕಿತ್ತು ಕಾರು ಅನ್ನೋರು ಮೊದಲೇ ಕಾಯ್ತಾ ಕೂತಾರ.

ಈ ನೋವನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಮಂದಿಗೆ ಕಾರು ಅಂದರೆ ಬರೀ ಕಾರಲ್ಲ. ಹಾಗಾಗಿ ಅವರಿಗೆ ಚಾಳೀಸಗಾಂವ್ ನೆನಪು ಮಾಡಿಕೊಟ್ಟೆ.

1929ರಲ್ಲಿ ಬಾಬಾಸಾಹೇಬರು ಮುಂಬಯಿ ಸರ್ಕಾರದ ಸಮಿತಿಯ ಸದಸ್ಯರಾಗಿ ಖಾನದೇಶದ ಕಡೆ ಹೋಗಿದ್ದರು. ಚಾಳೀಸಗಾಂವ್‌ನ ನಮ್ಮ ಬಂಧುಗಳು ಒಂದು ರಾತ್ರಿ ನಮ್ಮಲ್ಲಿ ಉಳಿಯಿರಿ ಅಂತ ಬೇಡಿಕೊಂಡರು. ಸ್ಟೇಷನ್ನಿನಿಂದ ಮಹಾರವಾಡಕ್ಕೆ ಕರೆದೊಯ್ಯಲು ಟಾಂಗಾ ತಂದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸುವುದು ತಮ್ಮ ಮಾನಕ್ಕೆ ಕಡಿಮೆ ಅಂತ ಟಾಂಗಾದವರು ಯಾರೂ ಒಪ್ಪಿರಲಿಲ್ಲ. ಟಾಂಗಾ ಕೊಡುತ್ತೇವೆ, ಓಡಿಸುವುದಿಲ್ಲ ಅಂದರು. ನಮ್ಮವರು, ದೊಡ್ಡವರು ನಡೆದುಕೊಂಡು ಬರುವುದು ಹೇಗೆ ಅಂತ, ಓಡಿಸಲು ಬಾರದ ತಮ್ಮವನ ಕೈಗೇ ಲಗಾಮು ಕೊಟ್ಟರು. ನದಿ ದಾಟುವ ಮೋರಿಯ ಮೇಲೆ ಗಾಲಿ ಕಲ್ಲಿಗೆ ಸಿಕ್ಕಿತು. ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು. ಕುದುರೆ, ಗಾಡಿ ನದಿಗೆ ಬಿದ್ದವು. ಇದೆಲ್ಲ ಹೇಗಾಯಿತು ಎಂಬ ನಿಜ ಅವರಿಗೆ ಆಮೇಲೆ ತಿಳಿಯಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರು ಇದನ್ನು ಬರೆದಿದ್ದಾರೆ. ಟಾಂಗಾದವರ ಜಾತಿಮದವನ್ನು ಬಿಡಲಿಲ್ಲ, ಸರಿ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮ ಮಾನ ಉಳಿಸಲು ಹೋಗಿ ತಮ್ಮ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದರು ಅಂತ ನಮ್ಮವರ ಬಗ್ಗೆಯೂ ಮುಚ್ಚಿಡದೆ ಬರೆದರು. ಅಷ್ಟು ಪ್ರೀತಿಯಿಂದ ಕರೆದವರ ಬಗ್ಗೆ!

ಕಂಪನಿ ಬಾಯಿ ಮುಚ್ಚುವುದು ಷೇರಿನ ಬೆಲೆಗೆ ಹೆದರಿ. ನಾವು ಮೆಸೇಜ್ ಮುಚ್ಚಿಡುವುದು ಓಣಿಯ ಬಾಯಿಗೆ ಹೆದರಿ. ಭಯದ ಬೇರು ಬೇರೆ, ಹಿಂದಿನ ಸೀಟಿನಲ್ಲಿ ಕೂತ ಮಗುವಿಗೆ ಆಗುವುದು ಒಂದೇ. ಅವರು ಮರುದಿನವೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡರು. ಹೈದರಾಬಾದಿಗೆ ಜೊತೆಯಲ್ಲಿ ಹೋಗಿ ಬಂದೆವು.

ಮಗುವಿನ ಮಾತು ಮತ್ತೆ ಮತ್ತೆ ಏಕೆ ಎತ್ತುತ್ತೇನೆ ಅಂದರೆ, 2025ರ ಏಪ್ರಿಲ್ 14ರಂದು, ನಾವೆಲ್ಲ ಜಯಂತಿಯ ಮೆರವಣಿಗೆಯಲ್ಲಿದ್ದ ದಿನ, ತೆಲಂಗಾಣದ ಚೇವೆಳ್ಳ ಬಳಿಯ ದಾಮರಗಿದ್ದ ಎಂಬ ಹಳ್ಳಿಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ನಿಲ್ಲಿಸಿದ್ದ ಕಾರಿನೊಳಗೆ ಆಡುತ್ತಾ ಸಿಕ್ಕಿಕೊಂಡು ಉಸಿರುಗಟ್ಟಿ ತೀರಿಕೊಂಡರು. ಮನೆಯಲ್ಲಿ ದೊಡ್ಡವರು ಮದುವೆಯ ಗಡಿಬಿಡಿಯಲ್ಲಿದ್ದರು. ನಮ್ಮಿಂದ ದೂರದ ಊರಲ್ಲ ಅದು. ಅಲ್ಲಿನದು ಬ್ಯಾಟರಿಯ ದೋಷವೆಂದು ನಾನು ಹೇಳುತ್ತಿಲ್ಲ. ಬಾಗಿಲು ಒಳಗಿನಿಂದ ತೆರೆಯದಿದ್ದರೆ ಬಿಸಿಲಿಗೆ ನಿಂತ ಕಾರು ಏನಾಗುತ್ತದೆ ಅಂತ ಹೇಳುತ್ತಿದ್ದೇನೆ. ಇಂಥದ್ದು ಕೇಳಿದಾಗ ಹಣೆಬರಹ ಅನ್ನುವವರು ಇದ್ದಾರೆ. ನಾಗಪುರದಲ್ಲಿ 22 ಪ್ರತಿಜ್ಞೆ ಸ್ವೀಕರಿಸಿದವರ ಮಕ್ಕಳು ನಾವು, ಆ ಪದ ನಮ್ಮ ಬಾಯಲ್ಲಿ ಬರಬಾರದು. ಕಾರಣ ಇದ್ದರೆ ಕಾರ್ಯ. ಕಾರಣ ತೆಗೆದರೆ ಕಾರ್ಯ ಇಲ್ಲ. ಒಂದು ಮಾತು ಸೇರಿಸುತ್ತೇನೆ, ಬೇಸರ ಮಾಡಬೇಡಿ. ಹೊಸ ಗಾಡಿಯ ಗಾಲಿ ಕೆಳಗೆ ನಿಂಬೆಹಣ್ಣು ಇಡುವುದನ್ನು ನಾವು ಬಿಟ್ಟೆವು, ಒಳ್ಳೆಯದಾಯಿತು. ಅದರ ಜಾಗಕ್ಕೆ ಗಾಡಿಯ ಜೊತೆ ಕೊಟ್ಟ ಪುಸ್ತಕ ಓದುವುದನ್ನು ತಂದೆವೇನು?

ಭಗವಾನರ ನಡೆ ನೋಡಿ. ರಾಜಗೃಹದಲ್ಲಿ 17 ಹುಡುಗರು ಒಟ್ಟಿಗೆ ಸಂಘ ಸೇರಿದ್ದರು. ಇನ್ನೂ ಎಳೆಯರು. ನಸುಕಿನಲ್ಲೇ ಎದ್ದು ಗಂಜಿ ಬೇಕು, ಅನ್ನ ಬೇಕು ಅಂತ ಅಳುತ್ತಿದ್ದರು. ಭಗವಾನರಿಗೆ ಅಳು ಕೇಳಿಸಿತು. ಇದೇನು ಮಕ್ಕಳ ದನಿ ಅಂತ ಆನಂದನನ್ನು ಕೇಳಿದರು. ಸಂಗತಿ ತಿಳಿದು, 20 ವರ್ಷ ತುಂಬದವರಿಗೆ ಉಪಸಂಪದೆ ಕೊಡಬಾರದೆಂದು ನಿಯಮ ಮಾಡಿದರು. ಮಕ್ಕಳನ್ನು ಗದರಿಸಿ ಸುಮ್ಮನಾಗಿಸಲಿಲ್ಲ. ಹಸಿವು, ಚಳಿ, ಸೆಕೆ ತಡೆಯುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ ಎಂದು ಕಾರಣ ಹೇಳಿದರು. ವಿನಯದ ನಿಯಮಗಳು ಬಹುಪಾಲು ಹೀಗೇ ಹುಟ್ಟಿದವು: ಒಂದು ತೊಂದರೆ, ಒಂದು ದೂರು, ಒಂದು ವಿಚಾರಣೆ, ಆಮೇಲೆ ನಿಯಮ. ಸಾಲದಿದ್ದರೆ ಆ ನಿಯಮಕ್ಕೇ ತಿದ್ದುಪಡಿ.

ಬಾಗಿಲಿನ ವಿಷಯದಲ್ಲಿ ಇಂಥ ನಿಯಮವೊಂದು ನಮ್ಮ ಕಾರ್ಖಾನೆಗಳಿಗೆ ಬಹಳ ಹಿಂದೆಯೇ ಬಂದಿತ್ತು. ಒಳಗೆ ಜನ ಇರುವಾಗ ಬಾಗಿಲು ಒಳಗಿನಿಂದ ಸುಲಭವಾಗಿ, ತಕ್ಷಣ ತೆರೆಯುವಂತಿರಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದ ಮಾತು. ಎಷ್ಟೋ ಬೆಂಕಿ, ಎಷ್ಟೋ ಹೆಣ ನೋಡಿದ ಮೇಲೆ ಜಗತ್ತು ಕಲಿತ ಪಾಠ ಅದು. ಹಿಡಿಕೆಯನ್ನು ನಯವಾಗಿ ಬಾಗಿಲೊಳಗೆ ಅಡಗಿಸಿ, ಬೀಗವನ್ನು ಒಂದು ಚಿಕ್ಕ ಬ್ಯಾಟರಿಯ ಕೈಗೆ ಒಪ್ಪಿಸಿದ ಎಂಜಿನಿಯರುಗಳು ಆ ಪಾಠ ಮರೆತರು ಅಂತ ನನಗನ್ನಿಸುತ್ತದೆ. ಕೊಳಾರದಲ್ಲಿ ಕೆಮಿಕಲ್ ಕಾರ್ಖಾನೆಗಳಿಗೆ ದುಡಿಯಲು ಹೋಗುವ ತಮ್ಮಂದಿರು, ತಂಗಿಯರು ಈ ಗುಂಪಿನಲ್ಲಿದ್ದೀರಿ. ನಿಮ್ಮ ಪಾಳಿಯಲ್ಲಿ ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಬೀಳುತ್ತಿದ್ದರೆ, ಅದನ್ನು ಕಂಡೂ ಸುಮ್ಮನಿರುವುದು ಯಾವ ಶೀಲಕ್ಕೆ ಸೇರುತ್ತದೆ ಅಂತ ಈಗ ನಿಮಗೇ ಗೊತ್ತು. ಒಬ್ಬರೇ ಹೇಳಲು ಹೆದರಿಕೆಯಾದರೆ ನಾಲ್ಕು ಜನ ಕೂಡಿ ಹೇಳಿ. ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಮನೆಯಲ್ಲಿ ಕಾರು ಇರುವವರಿಗೆ ಇಂದಿನ ಅಭ್ಯಾಸ ಹೀಗಿದೆ. ಕಂಪನಿಯ ರೀಕಾಲ್ ಮೆಸೇಜ್ ಏನಾದರೂ ಬಂದಿದೆಯಾ ಫೋನಿನಲ್ಲಿ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಮೆಸೇಜ್ ಹಳೆಯ ಮಾಲೀಕನಿಗೆ ಹೋಗಿರಬಹುದು, ಚಾಸಿ ನಂಬರ್ ಕೊಟ್ಟು ಶೋರೂಮಿನಲ್ಲಿ ನೀವೇ ವಿಚಾರಿಸಿ. ಕರೆಂಟಿಲ್ಲದೆ ಬಾಗಿಲು ತೆರೆಯುವ ಲಿವರ್ ಎಲ್ಲಿದೆ ಅಂತ ಪುಸ್ತಕದಲ್ಲಿ ಹುಡುಕಿ. ಹಲವು ಗಾಡಿಗಳಲ್ಲಿ ಒಳಗಿನ ಸಾದಾ ಹಿಡಿಕೆಯೇ ಸಾಕು, ಕೆಲವಲ್ಲಿ ಅದು ಬೇರೆ ಕಡೆ ಅಡಗಿರುತ್ತದೆ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳ ಹಿಡಿಕೆ ಕೆಲಸ ಮಾಡುವುದಿಲ್ಲ, ಅದೂ ಗೊತ್ತಿರಲಿ. ನಿಲ್ಲಿಸಿದ ಗಾಡಿಗೆ ಬೀಗ ಹಾಕಿ, ಕೀಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ಸಿಕ್ಕಿಕೊಂಡರೆ ಮುಂದಿನ ಸೀಟಿಗೆ ದಾಟಿ ಬಂದು ಹಾರ್ನ್ ಒತ್ತುವುದನ್ನು ಮಕ್ಕಳಿಗೆ ಕಲಿಸಿ. ಹೊರಗಿನಿಂದ ಗಾಜು ಒಡೆಯಲೇಬೇಕಾದರೆ ಮಗು ಇರುವ ಕಡೆ ಬಿಟ್ಟು ಇನ್ನೊಂದು ಬದಿಯ ಕಿಟಕಿಯ ಮೂಲೆಗೆ ಹೊಡೆಯಿರಿ, ನಡುವೆ ಅಲ್ಲ.

ಈ ಹುಣ್ಣಿಮೆಗೆ ವಿಹಾರಕ್ಕೆ ಬರುವವರು ಕಾರಿನ ಪುಸ್ತಕವನ್ನೂ ತನ್ನಿ. ಇಂಗ್ಲಿಷ್ ಓದಲು ಬಾರದವರಿಗೆ ನಮ್ಮ ಕಾಲೇಜು ಹುಡುಗಿಯರು ಓದಿ ಹೇಳುತ್ತಾರೆ. ವಂದನೆ ಮುಗಿದ ಮೇಲೆ, ಖೀರು ಕುಡಿಯುವ ಮೊದಲು.

ನಮೋ ಬುದ್ಧಾಯ. ಜೈ ಭೀಮ್.