ಮೊಳಕೆ ಕಂಡವರ ಹೊಣೆ

"ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು." ಈ ಗಾದೆಯನ್ನು ನಾವು ಹೆಚ್ಚಾಗಿ ಹೇಳುವುದು ಗೆದ್ದವರ ಮುಂದೆ. ಸನ್ಮಾನದ ಶಾಲು ಹೊದಿಸುವಾಗ ಹೇಳುತ್ತೇವೆ. "ಆಗಲೇ ಗೊತ್ತಿತ್ತು ನನಗೆ" ಎಂದು ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಾರೆ. ಮೊಳಕೆಯಲ್ಲಿ ಸಿರಿ ಕಾಣಿಸಿಯೂ ಪೈರು ನೆಲ ಕಚ್ಚಿದಾಗ ಗಾದೆ ಬದಲಾಗುತ್ತದೆ: "ತಾನೊಂದು ಬಗೆದರೆ ದೈವವೊಂದು ಬಗೆಯಿತು." ಗೆಲುವಿಗೆ ನಮ್ಮ ಕಣ್ಣು ಕಾರಣ, ಸೋಲಿಗೆ ದೈವ ಕಾರಣ. ಈ ಅದಲುಬದಲು ನನಗೆ ಒಪ್ಪಿಗೆಯಿಲ್ಲ.

ಸಸಿಮಡಿಯ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ಮೊಳಕೆ ನೋಡುವ ರೈತ ಭವಿಷ್ಯ ಹೇಳಲು ಕೂತಿರುವುದಿಲ್ಲ. ನೀರು ಎಷ್ಟು ಕಟ್ಟಬೇಕು, ಎಷ್ಟು ಬಸಿಯಬೇಕು, ಎಂದು ಕಿತ್ತು ನಾಟಿ ಹಾಕಬೇಕು ಎಂದು ಅವನು ಲೆಕ್ಕ ಹಾಕುತ್ತಿರುತ್ತಾನೆ. ಒಮ್ಮೆ ನೋಡಿದ ಮೇಲೆ ಅದು ಅವನ ಹೊಣೆ. ಗಾದೆಯ ಒಳಗಿರುವುದು ಈ ಹೊಣೆಯೇ ಎಂದು ನಾನು ನಂಬಿದ್ದೇನೆ.

ಶಿರಂಗಾಲದಲ್ಲಿ ಇದನ್ನು ಹೇಳಲು ಕಾರಣವಿದೆ. ಕುಶಾಲನಗರದಿಂದ ಕೊಣನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಕೊಡಗು ಮುಗಿಯುವುದು ಇಲ್ಲಿ. ಅದೇ ರಸ್ತೆಯಲ್ಲಿ ಹಿಂದಕ್ಕೆ ಹೋದರೆ, ಹಾರಂಗಿ ಕಾವೇರಿಯನ್ನು ಸೇರುವ ಕೂಡಿಗೆಯಲ್ಲಿ, ಸರ್ಕಾರದ ಕ್ರೀಡಾಶಾಲೆ ಇದೆ. ಮೀಸೆ ಚಿಗುರದ ಹುಡುಗರು ಅಲ್ಲಿ ಹಾಕಿ ಸ್ಟಿಕ್ ಹಿಡಿದು ಬೆಳೆಯುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ನೂರಾರು ತಂಡಗಳನ್ನು ಕಣಕ್ಕಿಳಿಸುತ್ತದೆ. ಮೊಳಕೆಗೆ ಈ ಜಿಲ್ಲೆಯಲ್ಲಿ ಬರವಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಪಂಜಾಬಿನ ಜುಗರಾಜ್ ಸಿಂಗ್. 2001ರಲ್ಲಿ ಹೋಬಾರ್ಟ್‌ನಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ಭಾರತ ಹಾಕಿ ತಂಡದ ಹುಡುಗ. ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ, ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವ ಅವನ ಡ್ರ್ಯಾಗ್ ಫ್ಲಿಕ್‌ಗಾಗಿ ನಾವೆಲ್ಲ ರೇಡಿಯೊ, ಟಿವಿಯ ಮುಂದೆ ಉಸಿರು ಹಿಡಿದು ಕೂರುತ್ತಿದ್ದೆವು. ಬಹಳ ವರ್ಷಗಳಿಂದ ಭಾರತಕ್ಕೆ ಇಲ್ಲದಿದ್ದ ಅಸ್ತ್ರ ಅದು. 2003ರ ಸೆಪ್ಟೆಂಬರಿನಲ್ಲಿ ಜಲಂಧರ್ ಬಳಿ ಅವನ ಕಾರು ಅಪಘಾತಕ್ಕೀಡಾಯಿತು. ಆಗ ಅವನಿಗೆ ಬರೀ 20 ವರ್ಷ. ಅದೇ ತಿಂಗಳು ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 4–2ರಿಂದ ಸೋಲಿಸಿ ಮೊದಲ ಬಾರಿಗೆ ಏಷ್ಯಾ ಕಪ್ ಗೆದ್ದಿತು. ಜುಗರಾಜ್ ಆ ತಂಡದಲ್ಲಿ ಇರಲಿಲ್ಲ. ಜೀವ ಉಳಿಯಿತು, ಕಾಲ ಮೇಲೆ ನಿಂತ. ಅಂತರರಾಷ್ಟ್ರೀಯ ಆಟ ಮಾತ್ರ ಅಲ್ಲಿಗೇ ಮುಗಿಯಿತು.

ಇಲ್ಲಿ ದೈವದ ಪಾಲು ಇಲ್ಲವೆಂದು ನಾನು ಹೇಳಲಾರೆ. ಆದರೆ ಮುಂದೆ ಆದದ್ದನ್ನೂ ನೋಡಬೇಕು. ಪಂಜಾಬ್ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾದ ಜುಗರಾಜ್‌ನನ್ನು ಭಾರತ ತಂಡ ಡ್ರ್ಯಾಗ್ ಫ್ಲಿಕ್ ಕಲಿಸಲು ಕರೆಯಿತು. ತನ್ನ ಕಾಲಿಗೆ ಒದಗದೆ ಹೋದ ವಿದ್ಯೆಯನ್ನು ಅವನು ಬೇರೆ ಹುಡುಗರ ಕೈಗೆ ಕೊಟ್ಟ.

ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲಿ ಇದಕ್ಕಿಂತ ಕಠೋರವಾದದ್ದು ನಡೆದಿದೆ. 1995ರ ಅಕ್ಟೋಬರ್ 20ರಂದು ಟ್ರಾವಿಸ್ ರಾಯ್ ಎಂಬ ಹುಡುಗ ಬಾಸ್ಟನ್ ವಿಶ್ವವಿದ್ಯಾಲಯದ ಪರವಾಗಿ ಮೊದಲ ಪಂದ್ಯಕ್ಕೆ ಇಳಿದ. 11 ಸೆಕೆಂಡು ಆಡಿದ್ದನಷ್ಟೇ. ಅಂಕಣದ ಸುತ್ತಲಿನ ಹಲಗೆಗೆ ಬಡಿದು ಕತ್ತಿನ ಮೂಳೆ ಮುರಿಯಿತು. ಮುಂದಿನ ಬದುಕೆಲ್ಲ ಗಾಲಿಕುರ್ಚಿಯಲ್ಲಿ. ತನ್ನ ಹಾಗೆ ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಅವನೊಂದು ಪ್ರತಿಷ್ಠಾನ ಕಟ್ಟಿ, 2020ರಲ್ಲಿ ತೀರಿಕೊಳ್ಳುವವರೆಗೂ ದುಡಿದ. ಅಂಥವನನ್ನು "ಚಿವುಟಿ ಹೋದ ಮೊಳಕೆ" ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ನಮ್ಮ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಮಂಡಿಗಾದ ಪೆಟ್ಟಿನಿಂದ 2018ರ ಭುವನೇಶ್ವರ ವಿಶ್ವಕಪ್ ಕಳೆದುಕೊಂಡರು. ಅಷ್ಟರಲ್ಲಿ ಅವರು ಎರಡು ಒಲಿಂಪಿಕ್ಸ್ ಆಡಿಯಾಗಿತ್ತು. ವೈದ್ಯರು, ತರಬೇತುದಾರರು ಬೆನ್ನಿಗಿದ್ದರು. ಮರುವರ್ಷ ತಂಡಕ್ಕೆ ಮರಳಿದರು. ಹದಿನಾಲ್ಕರ ಹುಡುಗಿಯ ಮಂಡಿಗೆ ಹಾಗೇ ಪೆಟ್ಟಾದರೆ ಬೆನ್ನಿಗೆ ಯಾರಿದ್ದಾರೆ? ಆಟಗಾರರು ಎಸಿಎಲ್ ಎನ್ನುವ ಮಂಡಿಯೊಳಗಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ ಸುಮಾರು 9 ತಿಂಗಳು ಪಂದ್ಯಕ್ಕೆ ಇಳಿಯಬಾರದು. ಅವಸರಪಟ್ಟರೆ ಮತ್ತೆ ಹರಿಯುವ ಅಪಾಯ ಹೆಚ್ಚು. ಬಾಲಕಿಯರಲ್ಲಿ ಈ ಪೆಟ್ಟು ಬಾಲಕರಿಗಿಂತ ಹೆಚ್ಚು. ಊದಿದ ಮಂಡಿಗೆ ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು, "ಫೈನಲ್ ಒಂದು ಆಡಿಬಿಡು ಮಗಳೇ" ಎಂದು ಅಂಕಣಕ್ಕೆ ಕಳಿಸಿದರೆ ಅದು ದೈವ ಬಗೆದದ್ದಲ್ಲ, ನಾವು ಬಗೆದದ್ದು.

ಶಿರಂಗಾಲ, ತೊರೆನೂರು, ಹೆಬ್ಬಾಲೆಯ ತಂದೆತಾಯಂದಿರೇ, ನಿಮ್ಮ ಮಗುವಿನಲ್ಲಿ ಮೊಳಕೆ ಕಂಡಿದ್ದರೆ ಸಂತೋಷಪಡಿ, ಆಟಕ್ಕೆ ಕಳಿಸಿ. ಕಳಿಸುವಾಗ ಮೂರು ಮಾತು ಕೇಳಿ: ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದು, ಮತ್ತೆ ಆಡಬಹುದೆಂದು ಹೇಳುವವರು ವೈದ್ಯರೋ ತರಬೇತುದಾರರೋ, ಆಟ ನಿಂತರೆ ಮಗುವಿನ ಓದು ಎಲ್ಲಿಗೆ ಬಂದಿರುತ್ತದೆ. ಉತ್ತರ ಸಿಗುವವರೆಗೆ ಸಂಕೋಚವಿಲ್ಲದೆ ಕೇಳಿ.