ಯಜಮಾನನಿಗೆ ಪ್ರತಿನಿಧಿಯುಂಟೇ?

ಗುರುಗ್ರಾಮ, ನೋಯ್ಡಾಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಬಂಧುಗಳಿಗೆ ಕಾಲವನ್ನು ಹಂಚುವುದೇ ಇಂದು ದೊಡ್ಡ ಸಮಸ್ಯೆಯಾಗಿದೆ. ನ್ಯೂಯಾರ್ಕಿನವರ ಬೆಳಗಿನ ಹತ್ತು ಗಂಟೆಯ ಸಭೆ ನಮಗೆ ಚಳಿಗಾಲದಲ್ಲಿ ರಾತ್ರಿ 8.30ಕ್ಕೆ, ಬೇಸಿಗೆಯಲ್ಲಿ 7.30ಕ್ಕೆ ಬರುತ್ತದೆ, ಜೂನ್ ತಿಂಗಳಲ್ಲಿ ದೆಹಲಿಯ ಸೂರ್ಯಾಸ್ತವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸಂಧ್ಯಾವಂದನೆ, ಮಕ್ಕಳ ಪಾಠ, ಊರಿನಲ್ಲಿರುವ ತಂದೆತಾಯಿಗಳೊಡನೆ ಎರಡು ಮಾತು, ಎಲ್ಲಕ್ಕೂ ಅದೇ ಹೊತ್ತು ಬೇಕು. ಈ ಇಕ್ಕಟ್ಟಿನಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕಚೇರಿಗಳನ್ನು ಪ್ರವೇಶಿಸಿವೆ. ಮೈಕ್ರೋಸಾಫ್ಟ್, ಜೂಮ್ ಮೊದಲಾದ ಸಂಸ್ಥೆಗಳು 2023ರಲ್ಲಿ ಇಂತಹವನ್ನು ಬಳಕೆಗೆ ತಂದವು. ಅವು ಸಭೆಗೆ ಹೊತ್ತು ಹುಡುಕುತ್ತವೆ, ಮಾತುಗಳ ಸಾರಾಂಶ ಬರೆಯುತ್ತವೆ, ಉತ್ತರದ ಕರಡು ಸಿದ್ಧಪಡಿಸುತ್ತವೆ. ಕೆಲವು ಸಾಧನಗಳಂತೂ ಒಡೆಯನು ಬಾರದಿದ್ದರೂ ಸಭೆಯಲ್ಲಿ ಕುಳಿತು ಟಿಪ್ಪಣಿ ತರುತ್ತವೆ. ಇವುಗಳ ಬಳಕೆ ಯುಕ್ತವೇ ಎಂಬುದು ವಿಚಾರಣೀಯ.

ತನ್ನ ಕರ್ತವ್ಯವನ್ನು ಯಂತ್ರಕ್ಕೊಪ್ಪಿಸುವುದು ಆಲಸ್ಯವೆಂದು ಕೆಲವರು ಹೇಳಬಹುದು. ಆದರೆ ತಿಥಿನಕ್ಷತ್ರಗಳನ್ನು ನಮ್ಮಲ್ಲಿ ಎಷ್ಟು ಮಂದಿ ಸ್ವತಃ ಗಣಿಸುತ್ತೇವೆ? ಪಂಚಾಂಗಕರ್ತರ ಗಣಿತವನ್ನು ನಂಬಿ ನಡೆಯುತ್ತೇವೆ. ಅದರಿಂದ ವ್ರತಕ್ಕೆ ಲೋಪವಿಲ್ಲ. ಪಂಚಾಂಗವು ದಿನವನ್ನು ತೋರಿಸುತ್ತದೆ. ಆದರೆ ದೇಶಕಾಲಗಳನ್ನು ಸ್ಮರಿಸಿ ಸಂಕಲ್ಪ ಮಾಡಬೇಕಾದವರು ನಾವೇ. ಸಹಾಯಕ್ಕೂ ಸಂಕಲ್ಪಕ್ಕೂ ಇರುವ ಈ ಅಂತರವೇ ಪ್ರಕೃತ ವಿಷಯದ ಬೀಗದ ಕೈ.

ಜೈಮಿನಿ ಮಹರ್ಷಿಗಳು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರವನ್ನು ಎತ್ತಿಕೊಂಡಿದ್ದಾರೆ. ವ್ರೀಹಿ ದೊರೆಯದಿದ್ದರೆ ನೀವಾರ, ಸೋಮ ದೊರೆಯದಿದ್ದರೆ ಪೂತೀಕ. ದ್ರವ್ಯಕ್ಕೆ ಹೀಗೆ ಪ್ರತಿನಿಧಿಯುಂಟು. ಆದರೆ ಯಜಮಾನನಿಗೆ ಪ್ರತಿನಿಧಿಯಿಲ್ಲ. ಏಕೆಂದರೆ ಫಲವು ಅವನಿಗೆ ಸೇರತಕ್ಕದ್ದು. ಅನೇಕ ಯಜಮಾನರು ಕೂಡಿ ಮಾಡುವ ಸತ್ರದಲ್ಲಿ ಒಬ್ಬನು ಇಲ್ಲವಾದರೆ ಸಂಖ್ಯಾಪೂರ್ತಿಗಾಗಿ ಮತ್ತೊಬ್ಬನನ್ನು ಸೇರಿಸಿಕೊಳ್ಳಬಹುದು. ಆದರೂ ಅವನು ಫಲಭಾಗಿಯಲ್ಲ.

ಈ ನಿಯಮವನ್ನು ಕಚೇರಿಗೆ ಅನ್ವಯಿಸಿ ನೋಡೋಣ. ಹೊತ್ತು ಹುಡುಕುವುದು, ಟಿಪ್ಪಣಿ ಬರೆಯುವುದು ದ್ರವ್ಯಸ್ಥಾನದ ಕೆಲಸಗಳು; ಅವನ್ನು ಯಂತ್ರ ಮಾಡಲಿ. ಕಿವಿ ಮಂದವಾದವರಿಗೆ, ಎಳೆಮಕ್ಕಳ ತಾಯಂದಿರಿಗೆ ಇದು ನಿಜವಾದ ಉಪಕಾರ. ಆದರೆ ಒಪ್ಪಿಗೆ, ನಿರಾಕರಣೆ, ಕೊಟ್ಟ ಮಾತು, ಕೈಕೆಳಗಿನವರ ಸಂಕಟವನ್ನು ಕೇಳುವುದು ಇವು ಯಜಮಾನನವು. ಸಾರಾಂಶದಲ್ಲಿ ಒಂದು ಮಾತು ತಿರುಚಿ ಒಬ್ಬನ ಬಡ್ತಿ ತಪ್ಪಿದರೆ ಆ ದೋಷ ಯಂತ್ರಕ್ಕೆ ತಟ್ಟುವುದಿಲ್ಲ. ಅದನ್ನು ಓದದೆ ಕಳುಹಿಸಿದವನಿಗೇ ತಟ್ಟುತ್ತದೆ.

ಇಲ್ಲೊಂದು ಆಕ್ಷೇಪ ಏಳಬಹುದು. ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಆಪ್ತ ಸಹಾಯಕರು ಬಹುಕಾಲದಿಂದ ಅಧಿಕಾರಿಗಳ ಪರವಾಗಿ ಒಪ್ಪಿಗೆ ಕೊಡುತ್ತಲೇ ಬಂದಿಲ್ಲವೇ? ನಿಜ. ಆದರೆ ಆಪ್ತ ಸಹಾಯಕನು ಚೇತನ. ಸಾಹೇಬರ ತಾಯಿಗೆ ಅಸ್ವಸ್ಥವೆಂದು ಅವನು ಬಲ್ಲ. ಬಂದವರ ಮುಖವನ್ನು ನೋಡಿ ಐದು ನಿಮಿಷ ಒಳಗೆ ಬಿಡಬಲ್ಲ. ತಪ್ಪಿದರೆ ತಾನೂ ಹೊಣೆ ಹೊರಬಲ್ಲ. ಜೀವನ ಕರ್ತೃತ್ವವು ಶ್ರೀಹರಿಯ ಅಧೀನವೆಂದು ಶ್ರೀಮದಾಚಾರ್ಯರು ನಿರ್ಣಯಿಸಿದರೇ ಹೊರತು ಜೀವನು ಕರ್ತೃವೇ ಅಲ್ಲವೆನ್ನಲಿಲ್ಲ. ಹಾಗೆಂದರೆ ವಿಧಿನಿಷೇಧಗಳೆಲ್ಲ ವ್ಯರ್ಥವಾಗುತ್ತಿದ್ದವು. ಪಂಚಭೇದಗಳಲ್ಲಿ ಜೀವಜಡಭೇದವೂ ಒಂದು. ಅದನ್ನು ಮರೆತು ಚೇತನನ ಹೊಣೆಯನ್ನು ಜಡದ ಮೇಲೆ ಹೊರಿಸಿದರೆ, ಕೊನೆಗೆ ಅದನ್ನು ಹೊರುವವರೇ ಇಲ್ಲವಾಗುತ್ತಾರೆ.

ಯಂತ್ರಕ್ಕೆ ತೆರವಾದ ಹೊತ್ತೆಲ್ಲವೂ ಒಂದೇ. ತಂದೆಯ ಶ್ರಾದ್ಧದ ತಿಥಿಯನ್ನು ನಾವೇ ಗುರುತಿಸಿಡದಿದ್ದರೆ ಆ ಅಪರಾಹ್ಣ ಅದಕ್ಕೆ ಬರಿಯ ಖಾಲಿ ಜಾಗ. ಸಾಮಾನ್ಯ ಕ್ಯಾಲೆಂಡರುಗಳ ಏಕಾದಶಿಗೂ, ಅರುಣೋದಯದ ದಶಮೀವೇಧವನ್ನು ಪರಿಗಣಿಸುವ ನಮ್ಮ ಏಕಾದಶಿಗೂ ಕೆಲವೊಮ್ಮೆ ಒಂದು ದಿನದ ಅಂತರವುಂಟು. ಇನ್ನು ಯಂತ್ರ ಉಳಿಸಿಕೊಟ್ಟ ಒಂದು ಗಂಟೆಯಲ್ಲಿ ಮತ್ತೊಂದು ಸಭೆ ಬಂದು ಕುಳಿತರೆ ಮನೆಯವರಿಗೆ ದೊರೆತ ಲಾಭವೇನು?

ಪರರ ಗೌಪ್ಯದ ವಿಷಯವೂ ಇದೆ. ಕೇಂದ್ರ ಹಣಕಾಸು ಸಚಿವಾಲಯವು 2025ರ ಜನವರಿ 29ರ ಸುತ್ತೋಲೆಯಲ್ಲಿ, ಸರ್ಕಾರಿ ದಾಖಲೆಗಳ ಗೌಪ್ಯಕ್ಕೆ ಅಪಾಯವಿರುವುದರಿಂದ ಇಂತಹ ಸಾಧನಗಳನ್ನು ಕಚೇರಿಯ ಕಂಪ್ಯೂಟರುಗಳಲ್ಲಿ ಬಳಸಬಾರದೆಂದು ಸಿಬ್ಬಂದಿಗೆ ಸೂಚಿಸಿತು. ನಂಬಿ ಆಡಿದ ಮಾತನ್ನು ಆಡಿದವರಿಗೆ ತಿಳಿಸದೆ ಯಂತ್ರಕ್ಕೆ ಒಪ್ಪಿಸುವುದು ಸುತ್ತೋಲೆಯಿಲ್ಲದ ಕಡೆಯೂ ವಿಶ್ವಾಸಭಂಗವೇ ಸರಿ.

ಆದುದರಿಂದ ಬಳಕೆ ತ್ಯಾಜ್ಯವಲ್ಲ, ವಿವೇಕ ಬೇಕು. ಯುಗಾದಿಗೆ ಹೊಸ ಪಂಚಾಂಗ ಬಂದೊಡನೆ ಶ್ರಾದ್ಧ, ಏಕಾದಶಿ, ಮನೆಯ ಹೊತ್ತುಗಳನ್ನು ಮೊದಲು ಗುರುತಿಸಿ, ಉಳಿದುದನ್ನು ಯಂತ್ರಕ್ಕೆ ಬಿಡೋಣ. ಧ್ವನಿ ದಾಖಲಿಸುವ ಮುನ್ನ ಎಲ್ಲರಿಗೂ ತಿಳಿಸೋಣ. ಕರಡನ್ನು ಓದಿಯೇ ಕಳುಹಿಸೋಣ. ಇನ್ನೊಬ್ಬರ ಅನ್ನದ ಪ್ರಶ್ನೆಯಿರುವ ಸಭೆಗೆ ಸ್ವತಃ ಹೋಗೋಣ. ಹೋಗಲಾಗದಿದ್ದರೆ ನಾವೇ ಹಾಗೆಂದು ಹೇಳೋಣ. ದಿನದ ಕೊನೆಗೆ ಮಾಡಿದ ಕರ್ಮವನ್ನು ಕೃಷ್ಣಾರ್ಪಣವೆನ್ನುವ ನಮಗೆ, ಸಮರ್ಪಿಸಲು ನಾವು ಮಾಡಿದ ಕರ್ಮವೊಂದು ಇರಬೇಕಷ್ಟೆ.