ಯೋಸೇಫನನ್ನು ಅರಿಯದ ಅರಸನು

ಧ್ಯಾನಕ್ಕೆ ಆಧಾರ: ವಿಮೋಚನಕಾಂಡ 1:8-10, 23:9



ಯೋಸೇಫನು ಐಗುಪ್ತದೇಶವನ್ನು ಬರಗಾಲದಿಂದ ಉಳಿಸಿದನೆಂಬದನ್ನು ನಾವೆಲ್ಲರೂ ಬಲ್ಲೆವು. ಆದರೂ ಅವನನ್ನು ಅರಿಯದ ಅರಸನೊಬ್ಬನು ಅಲ್ಲಿ ಎದ್ದನೆಂದು ವೇದವು ತಿಳಿಸುತ್ತದೆ. ಆ ಅರಸನು ತನ್ನ ಜನರ ಸಂಗಡ ಮಾಡಿದ ಆಲೋಚನೆಯೇನು? ಈ ಪರದೇಶಿಗಳು ಬಹಳವಾಗಿ ಹೆಚ್ಚಿದ್ದಾರೆ, ಯುದ್ಧ ಬಂದರೆ ಶತ್ರುಗಳ ಪಕ್ಷವನ್ನು ಹಿಡಿದಾರು ಎಂಬದೇ. ಇಸ್ರಾಯೇಲ್ಯರು ಮಾಡಿದ ದ್ರೋಹವು ಒಂದೂ ಇರಲಿಲ್ಲ. ಮಾಡಿಯಾರೆಂಬ ಭಯವೇ ಅವರ ಮೇಲಿನ ಅಪರಾಧವಾಯಿತು.

ಈ ಆಲೋಚನೆಯು ಫರೋಹನ ಸಂಗಡ ಸತ್ತುಹೋಗಲಿಲ್ಲ. ಅಮೇರಿಕಾದೇಶದ ಪಶ್ಚಿಮ ಕರಾವಳಿಗೆ ಜಪಾನಿನಿಂದ ಅನೇಕರು ಕೂಲಿಗಾಗಿ ಹೋಗಿ, ಹೊಲಗಳಲ್ಲಿಯೂ ರೈಲುದಾರಿಗಳಲ್ಲಿಯೂ ದುಡಿದು, ಅಲ್ಲಿಯೇ ನೆಲೆಯಾದರು. ವಲಸೆ ಬಂದವರು ಆ ದೇಶದ ಪ್ರಜೆಗಳಾಗುವದಕ್ಕೆ 1952ನೇ ಇಸವಿಯ ವರೆಗೂ ಕಾನೂನು ಎಡೆಗೊಡಲಿಲ್ಲ. ಅಲ್ಲಿ ಹುಟ್ಟಿದ ಅವರ ಮಕ್ಕಳಾದರೋ ಜನ್ಮದಿಂದಲೇ ಪ್ರಜೆಗಳಾಗಿದ್ದರು. 1941ನೇ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬುಗಳನ್ನು ಸುರಿದವು. ಬಳಿಕ 1942ನೇ ಫೆಬ್ರವರಿ 19ರಂದು ಅಧ್ಯಕ್ಷರಾದ ರೂಸ್‌ವೆಲ್ಟರು ಒಂದು ಆಜ್ಞೆಗೆ ರುಜು ಹಾಕಿದರು. ಅದರ ಮೇರೆಗೆ ಸುಮಾರು 1,20,000 ಮಂದಿಯನ್ನು ಮನೆಗಳಿಂದ ಹೊರಡಿಸಿ ಸೆರೆಯಿಟ್ಟರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಆ ದೇಶದಲ್ಲಿಯೇ ಹುಟ್ಟಿದವರು. ಕೈಯಲ್ಲಿ ಹೊರುವಷ್ಟು ಗಂಟನ್ನು ಮಾತ್ರ ತಕ್ಕೊಂಡು, ಮೈಮೇಲೆ ನಂಬರಿನ ಚೀಟಿಯನ್ನು ಕಟ್ಟಿಸಿಕೊಂಡು, ಮುದುಕರೂ ಬಸುರಿಯರೂ ಎಳೆಮಕ್ಕಳೂ ಹೊರಟರು. ಅನೇಕರನ್ನು ಮೊದಲು ಜೂಜಿನ ಕುದುರೆಗಳ ಲಾಯಗಳಲ್ಲಿ ಇಳಿಸಿದರು. ಆಮೇಲೆ ಮುಳ್ಳುತಂತಿ ಸುತ್ತಿದ 10 ಶಿಬಿರಗಳಿಗೆ ಸಾಗಿಸಿದರು.

ಇವರ ದ್ರೋಹಕ್ಕೆ ಸಾಕ್ಷಿ ಯಾವದು? ಕರಾವಳಿಯ ಸೇನಾಧಿಪತಿಯಾದ ಡಿವಿಟ್ ಎಂಬವನು, ಇವರಿಂದ ಈ ವರೆಗೆ ಕೇಡು ನಡೆಯದಿರುವದೇ ಮುಂದೆ ನಡೆಯುವದಕ್ಕೆ ಗುರುತೆಂದು ಬರೆದನು! ಪ್ರಿಯರೇ, ಇಂಥ ತಕ್ಕಡಿಯಲ್ಲಿ ತೂಗಿದರೆ ನಿರಪರಾಧಿಯು ಯಾರು? ಜರ್ಮನಿಯೂ ಇಟಲಿಯೂ ಆಗ ಶತ್ರುದೇಶಗಳೇ. ಆ ಜನಾಂಗದವರಲ್ಲಿ ಕೆಲವರನ್ನು ಹಿಡಿದರೇ ಹೊರತು, ಎಲ್ಲರನ್ನೂ ಒಟ್ಟಾಗಿ ಹೊರಡಿಸಲಿಲ್ಲ. ಜಪಾನೀಯರಿಗೆ ಅವರ ಮುಖವೇ ಅಪರಾಧಪತ್ರವಾಯಿತು.

ಆದರೆ ನಾವು ಅರಸುಗಳನ್ನು ಮಾತ್ರ ದೂರಿ ಸುಮ್ಮಗಿರಬಾರದು. ಡಿವಿಟನು ಆ ಜನರನ್ನು ಅರಿಯದೆ ಇದ್ದಿರಬಹುದು, ನೆರೆಯವರು ಅರಿತಿದ್ದರು. ಅವರ ತೋಟದ ಕಾಯಿಪಲ್ಯವನ್ನು ಉಂಡಿದ್ದರು. ಮಕ್ಕಳು ಒಂದೇ ಶಾಲೆಯಲ್ಲಿ ಕಲಿತಿದ್ದರು. ಹೊರಡುವ ದಿನ ಬಂದಾಗಲಾದರೋ ಅನೇಕರು ಆ ಮನೆಗಳ ಬಾಗಲಿಗೆ ಬಂದದ್ದು ಮಂಚ, ಒಲೆ, ವಾಹನಗಳನ್ನು ಅರೆಕಾಸಿಗೆ ಕೇಳುವದಕ್ಕೆ. ಕೆಲವು ಬೆಳೆಗಾರರ ಸಂಘದವರು ಇವರು ತೊಲಗಬೇಕೆಂದು ಬಹಿರಂಗವಾಗಿಯೇ ಕೇಳಿದರು. ನಾಬೋತನ ದ್ರಾಕ್ಷೇತೋಟದ ಮೇಲೆ ಕಣ್ಣಿಟ್ಟವರು ಅಹಾಬನ ಕಾಲದಲ್ಲಿ ಮಾತ್ರವಿರಲಿಲ್ಲ. ಅರಿಯದವನ ಭಯಕ್ಕಿಂತಲೂ ಅರಿತವನ ಮೌನವು ದೇವರ ಮುಂದೆ ಹೆಚ್ಚು ಭಾರವಾದದ್ದು.

ಎಲ್ಲರೂ ಮರೆತರೋ? ಇಲ್ಲ. ಕ್ಯಾಲಿಫೋರ್ನಿಯಾದ ಫ್ಲೋರಿನ್ ಎಂಬಲ್ಲಿ ಬಾಬ್ ಫ್ಲೆಚರನು ಬೆಳೆಗಳನ್ನು ಪರೀಕ್ಷಿಸುವ ಸರಕಾರೀ ಕೆಲಸದಲ್ಲಿದ್ದನು. ಅವನು ಆ ಕೆಲಸವನ್ನು ಬಿಟ್ಟು, ಸೆರೆಗೆ ಹೋದ ಮೂರು ಕುಟುಂಬಗಳ ದ್ರಾಕ್ಷೇತೋಟಗಳನ್ನು ತಾನೇ ಗೇದು, ತೆರಿಗೆಯನ್ನೂ ಸಾಲವನ್ನೂ ಕಟ್ಟಿ, ಲಾಭದಲ್ಲಿ ಅರ್ಧವನ್ನು ಮಾತ್ರ ತಕ್ಕೊಂಡನು. ಊರವರು ಅವನನ್ನು ಬೈದರು. ಒಬ್ಬನು ಕೊಟ್ಟಿಗೆಯ ಕಡೆಗೆ ಗುಂಡನ್ನೂ ಹಾರಿಸಿದನು. 1945ರಲ್ಲಿ ಆ ಕುಟುಂಬಗಳು ತಿರಿಗಿ ಬಂದಾಗ ಭೂಮಿಯೂ ಇತ್ತು, ಅವರ ಪಾಲಿನ ಹಣವೂ ಇತ್ತು. ಸಿಯಾಟಲ್ ಪಟ್ಟಣದ ಜಪಾನೀ ಬಾಪ್ಟಿಸ್ಟ್ ಸಭೆಯ ಪಾಲಕರಾದ ಎಮೆರಿ ಆಂಡ್ರೂಸರು ತಮ್ಮ ಮಂದೆಯನ್ನು ಹಿಂಬಾಲಿಸಿ, ಹೆಂಡತಿ ಮಕ್ಕಳೊಡನೆ ಮಿನಿಡೋಕಾ ಶಿಬಿರದ ಸಮೀಪದ ಊರಿಗೆ ಹೋಗಿ ವಾಸಿಸಿದರು. ಸಿಯಾಟಲಿನಲ್ಲಿ ಬಿಟ್ಟುಬಂದ ಸಾಮಾನುಗಳನ್ನು ತಂದುಕೊಡುವದಕ್ಕಾಗಿ 50ಕ್ಕೂ ಹೆಚ್ಚು ಸಾರಿ ಆ ದೂರದ ದಾರಿಯನ್ನು ಹೋಗಿ ಬಂದರು. ನಾನು ಸೆರೆಯಲ್ಲಿದ್ದಾಗ ನೋಡುವದಕ್ಕೆ ಬಂದಿರೋ ಎಂದು ಕರ್ತನು ಕೇಳುವ ದಿನದಲ್ಲಿ ಇಂಥವರ ಬಳಿ ಉತ್ತರವಿರುವದು.

ಆ ದೇಶದ ವಿಚಾರಣಾ ಮಂಡಲಿಯು 1983ರಲ್ಲಿ ಸತ್ಯವನ್ನು ಒಪ್ಪಿಕೊಂಡಿತು. ಇದಕ್ಕೆ ಕಾರಣ ಸೈನ್ಯದ ಅಗತ್ಯವಲ್ಲ. ವರ್ಣದ್ವೇಷ, ಯುದ್ಧದ ಹುಚ್ಚುಭಯ, ನಾಯಕರ ಸೋಲು ಇವುಗಳೇ ಎಂದು ತೀರ್ಮಾನಿಸಿತು. 1988ರಲ್ಲಿ ಸರಕಾರವು ಕ್ಷಮೆ ಬೇಡಿ, ಬದುಕಿದ್ದ ಒಬ್ಬೊಬ್ಬರಿಗೆ 20,000 ಡಾಲರುಗಳನ್ನು ಕೊಡುವದಕ್ಕೆ ಶಾಸನ ಮಾಡಿತು. ಪಶ್ಚಾತ್ತಾಪವು ಒಳ್ಳೆಯದೇ. ಆದರೆ 46 ವರುಷಗಳೊಳಗೆ ಎಷ್ಟೋ ಮುದುಕರು ಆ ಮಾತನ್ನು ಕೇಳದೆ ಮಣ್ಣುಸೇರಿದ್ದರು.

ಇದು ದೂರದೇಶದ ವರ್ತಮಾನವೆಂದು ಹೇಳದಿರೋಣ. 1914ರಲ್ಲಿ ಹುಟ್ಟಿದ ಮಹಾಯುದ್ಧದಲ್ಲಿ ನಮ್ಮ ಕನ್ನಡನಾಡಿನ ಬಾಸೆಲ್ ಮಿಶನಿನ ಜರ್ಮನ್ ಪಾದ್ರಿಗಳನ್ನು ಸಹ ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳುಹಿಸಿದರು. ಇಷ್ಟೇ ಅಲ್ಲ, ನಮ್ಮ ಹಿರಿಯರಲ್ಲಿ ಅನೇಕರನ್ನು ಲೋಕವು ಅವರ ನಡತೆಯಿಂದ ಅಳೆಯಲಿಲ್ಲ, ಹುಟ್ಟಿದ ಕೇರಿಯಿಂದ ಅಳೆಯಿತು. ಪರದೇಶಿಯ ಮನಸ್ಸು ಎಂಥದೆಂದು ನೀವು ಬಲ್ಲಿರಿ, ಆದಕಾರಣ ಅವನನ್ನು ಬಾಧಿಸಬೇಡಿರಿ ಎಂಬ ಆಜ್ಞೆಯು ನಮಗಲ್ಲದೆ ಮತ್ತಾರಿಗೆ?

ಹೀಗಿರಲಾಗಿ, ನಮ್ಮ ಊರಿಗೆ ಕಬ್ಬು ಕಡಿಯುವದಕ್ಕೋ ಕಲ್ಲು ಒಡೆಯುವದಕ್ಕೋ ಬಂದವರ ಮೇಲೆ ಒಬ್ಬನ ತಪ್ಪಿಗಾಗಿ ಇಡೀ ಗುಡಿಸಲುಗಳನ್ನೇ ಕೀಳಬೇಕೆಂಬ ಕೂಗೆದ್ದರೆ, ನಾವು ಅರಿತದ್ದನ್ನು ಬಾಯಿಬಿಟ್ಟು ಹೇಳೋಣ. ಅವರು ಬಿಟ್ಟುಹೋದ ಪಾತ್ರೆಯನ್ನೂ ಆಡನ್ನೂ ಅಗ್ಗಕ್ಕೆ ಕೊಳ್ಳದೆ, ಅವರು ಬರುವ ತನಕ ಕಾಯೋಣ. ಠಾಣೆಗೆ ಒಯ್ದರೆ ಹಿಂದೆಯೇ ಹೋಗಿ ನೋಡೋಣ.

ಐಗುಪ್ತದಲ್ಲಿ ಪರದೇಶಿಯಾಗಿ ಶಿಶುಪ್ರಾಯವನ್ನು ಕಳೆದ ಕರ್ತನಾದ ಯೇಸು, ನೆರೆಯವನನ್ನು ಅರಿಯುವ ಕಣ್ಣನ್ನೂ ಅವನನ್ನು ಅರಿಯೆನೆಂದು ಹೇಳದ ನಾಲಿಗೆಯನ್ನೂ ನಮಗೆ ದಯಪಾಲಿಸಲಿ. ಆಮೆನ್.